ದೇಯಿ ಬೈದ್ಯೆತಿ ಯಾರ ಮಗಳು?

ಪಡುಮಲೆ ಇರೋದು ಪುತ್ತೂರು ತಾಲೂಕಿನಲ್ಲಿ. ಪಂಜ ಸುಳ್ಯಕ್ಕೆ ಸೇರಿದ್ದು. ಎಣ್ಮೂರು ಮೊದಲು ಸುಳ್ಯದಲ್ಲೇ ಇತ್ತು, ಹೊಸ ತಾಲೂಕು ಆದಮೇಲೆ ಕಡಬಕ್ಕೆ ಹೋಯಿತು. ಒಂದು ಬೈಕ್ ಇದ್ದರೆ ಮೂರನ್ನೂ ಒಂದೇ ದಿನದಲ್ಲಿ ಸುತ್ತಿ ಬರಬಹುದು. ಕೋಟಿ-ಚೆನ್ನಯರು ಹುಟ್ಟಿದ್ದು ಪಡುಮಲೆಯಲ್ಲಿ, ಅಕ್ಕನನ್ನು ಕಂಡದ್ದು ಪಂಜದಲ್ಲಿ, ಸತ್ತದ್ದು ಎಣ್ಮೂರಿನಲ್ಲಿ. ಇಡೀ ಕರಾವಳಿಯ ಗರಡಿಗಳಲ್ಲಿ ದೀಪ ಹಚ್ಚಿಸಿಕೊಳ್ಳುವ ಇಬ್ಬರ ಬದುಕು ಇವತ್ತಿನ ಅಡಿಕೆ ತೋಟ, ರಬ್ಬರ್ ಗುಡ್ಡಗಳ ನಡುವಿನ ಇಷ್ಟು ಸಣ್ಣ ಜಾಗದೊಳಗೇ ಮುಗಿದುಹೋಗಿದೆ.

ಅವರು ನಿಜವಾಗಿ ಇದ್ದರಾ ಅನ್ನೋ ಪ್ರಶ್ನೆ ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ವರ್ಷಕ್ಕೆರಡು ಸಲ ಏಳುತ್ತದೆ. ಪುತ್ತೂರಿನ ದೇವರಮಾರು ಗದ್ದೆಯಲ್ಲಿ ಕೋಟಿ-ಚೆನ್ನಯ ಜೋಡುಕರೆ ಕಂಬಳ ಬಂದಾಗ ಒಂದು ಸಲ. ಮಂಗಳೂರು ವಿಮಾನ ನಿಲ್ದಾಣಕ್ಕೆ ಅವರ ಹೆಸರಿಡಿ ಅನ್ನೋ ಬೇಡಿಕೆ ಮತ್ತೆ ಸುದ್ದಿಯಾದಾಗ ಇನ್ನೊಂದು ಸಲ. ಹತ್ತು ಮೆಸೇಜ್ ಆಗುವಷ್ಟರಲ್ಲಿ ಚರ್ಚೆ ಬೇರೆ ಕಡೆ ಹೊರಳುತ್ತದೆ. ಇದ್ದರೋ ಇಲ್ಲವೋ ಅನ್ನೋದನ್ನು ಬಿಟ್ಟು ಎಲ್ಲರೂ ಅವರ ಅಮ್ಮ ದೇಯಿ ಬೈದ್ಯೆತಿ ಯಾರ ಮಗಳು ಅಂತ ಕೇಳತೊಡಗುತ್ತಾರೆ. ನಿಜವಾದ ಜಗಳ ಇರೋದೂ ಅಲ್ಲೇ ಅಂತ ನನ್ನ ಅಭಿಪ್ರಾಯ. ಅದಕ್ಕೇ ಈ ಬರಹದಲ್ಲಿ ಮಕ್ಕಳಿಗಿಂತ ಅಮ್ಮನೇ ಹೆಚ್ಚು.

ಮೊದಲು ಆಕೆಯ ಕಥೆ. ಪಾಡ್ದನ ಹಾಡುವವರ ಬಾಯಲ್ಲಿ ಅದು ಊರಿಂದೂರಿಗೆ ಬದಲಾಗುತ್ತದೆ. ಹೆಚ್ಚು ಪ್ರಚಾರದಲ್ಲಿರುವ ರೂಪ ಹೀಗಿದೆ. ಮಕ್ಕಳಿಲ್ಲದ ಒಂದು ಬ್ರಾಹ್ಮಣ ದಂಪತಿಗೆ ಪವಾಡದಂತೆ, ಹಕ್ಕಿಯ ಮೊಟ್ಟೆಯೊಂದರಿಂದ, ಹೆಣ್ಣುಮಗು ಸಿಗುತ್ತದೆ. ಸುವರ್ಣ ಕೇದಗೆ ಅಂತ ಹೆಸರಿಟ್ಟು ಸಾಕುತ್ತಾರೆ. ಹುಡುಗಿ ಮದುವೆಗೆ ಮೊದಲೇ ಮೈನೆರೆಯುತ್ತಾಳೆ. ಆ ಮನೆಯ ಕಟ್ಟಳೆಯ ಪ್ರಕಾರ ಅಂಥವಳಿಗೆ ಒಳಗೆ ಜಾಗವಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಸಂಕಮಲೆ ಕಾಡಿನಲ್ಲಿ ಬಿಟ್ಟು ಬರುತ್ತಾರೆ. ಪವಾಡದಿಂದ ಸಿಕ್ಕ ಮಗಳನ್ನು ತಿಂಗಳ ಮುಟ್ಟಿನ ಕಾರಣಕ್ಕೆ ಕಾಡುಪಾಲು ಮಾಡುವ ಈ ಭಾಗವನ್ನು ಯಕ್ಷಗಾನದಲ್ಲಿ, ಸಿನಿಮಾದಲ್ಲಿ ಎಷ್ಟು ಸಲ ನೋಡಿದರೂ ನನಗೆ ಅಭ್ಯಾಸ ಆಗಿಲ್ಲ.

ಅದೇ ಕಾಡಿಗೆ ಕಳ್ಳು ಇಳಿಸಲು ಬಂದ ಸಾಯನ ಬೈದ್ಯನಿಗೆ ಅಳುವ ದನಿ ಕೇಳುತ್ತದೆ. ಕಣ್ಣಿನ ಕಟ್ಟು ಬಿಚ್ಚಿ ಮನೆಗೆ ಕರೆತರುತ್ತಾನೆ. ಅಲ್ಲಿಂದ ಆಕೆ ದೇಯಿ. ಬಿಲ್ಲವರ ಮನೆಯ ಹೆಣ್ಣುಮಗಳಾಗಿ ಬೆಳೆಯುತ್ತಾಳೆ, ನಾಟಿ ಮದ್ದು ಕಲಿಯುತ್ತಾಳೆ, ಕಾಂತಣ್ಣ ಬೈದ್ಯನ ಜೊತೆ ಮದುವೆಯಾಗುತ್ತದೆ. ಕಾಂತಣ್ಣನ ಬಗ್ಗೆ ಪಾಡ್ದನಕ್ಕೆ ಹೆಚ್ಚು ಆಸಕ್ತಿ ಇಲ್ಲ. ಮದುವೆ ಮುಗಿಯುತ್ತಿದ್ದಂತೆ ಆತ ಕಥೆಯಿಂದ ಸರಿದೇ ಹೋಗುತ್ತಾನೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪಡುಮಲೆಯ ಬಲ್ಲಾಳ ಬೇಟೆಗೆ ಹೋದಾಗ ಕಾಲಿಗೆ ಕಾಸರಕನ ಮುಳ್ಳು ಹೆಟ್ಟುತ್ತದೆ. ಗಾಯ ಬಾತು ಕೀವಾಗುತ್ತದೆ. ಬಂದ ವೈದ್ಯರೆಲ್ಲ ಕೈಚೆಲ್ಲುತ್ತಾರೆ. ಕೊನೆಗೆ ದೇಯಿಗೆ ಕರೆ ಹೋಗುತ್ತದೆ. ಆಕೆ ಆಗ ತುಂಬು ಬಸುರಿ. ಬೀಡಿಗೆ ಹೋಗಿ ಮದ್ದು ಮಾಡಿ ಗುಣಪಡಿಸುತ್ತಾಳೆ. ಬಲ್ಲಾಳ ಖುಷಿಯಾಗಿ ಏನೇನೋ ಕೊಡುತ್ತೇನೆ ಅಂತ ಮಾತು ಕೊಡುತ್ತಾನೆ. ಮನೆಗೆ ಹೊರಟವಳಿಗೆ ಹೆರಿಗೆ ನೋವು ಬಂದು, ಅಲ್ಲೇ ಅವಳಿ ಗಂಡುಮಕ್ಕಳು ಹುಟ್ಟುತ್ತವೆ. ಕೆಲವೇ ದಿನಗಳಲ್ಲಿ, ಬಾಣಂತನ ಮುಗಿಯುವ ಮೊದಲೇ, ದೇಯಿ ಸಾಯುತ್ತಾಳೆ. ಮೈಮೇಲೆ ತೆಂಗಿನ ಮಡಲು ಬಿದ್ದು ಸತ್ತಳು ಅನ್ನೋದು ಹೆಚ್ಚಿನವರು ಹೇಳುವ ರೂಪ. ನಮ್ಮೂರ ತೋಟಗಳಲ್ಲಿ ಇವತ್ತಿಗೂ ಜನ ಸಾಯುವ ರೀತಿ ಅದು. ದೇವರ ಶಾಪವೂ ಅಲ್ಲ, ಯುದ್ಧವೂ ಅಲ್ಲ, ಮಾಮೂಲಿ ಒಂದು ಮಡಲು. ವೀರರ ತಾಯಿಯ ಸಾವನ್ನು ಯಾರಾದರೂ ಕೂತು ಕಟ್ಟಿದ್ದರೆ ಇಷ್ಟು ಸಾದಾ ಆಗಿ ಕಟ್ಟುತ್ತಿದ್ದರಾ?

ಮಕ್ಕಳು ಸಾಯನ ಬೈದ್ಯನ ಆಸರೆಯಲ್ಲಿ ಬೆಳೆಯುತ್ತಾರೆ. ಆತ ಅವರಿಗೆ ಸೋದರಮಾವ. ಬಲ್ಲಾಳನ ಮಂತ್ರಿ ಮಲ್ಲಯ ಬುದ್ಧಿವಂತನ ಮಕ್ಕಳ ಜೊತೆ ಆಟದಲ್ಲಿ ಶುರುವಾದ ಜಗಳ ದೊಡ್ಡವರಾದ ಮೇಲೆ ಗದ್ದೆಗೆ ಬರುತ್ತದೆ. ಇಬ್ಬರ ಗದ್ದೆ ಅಕ್ಕಪಕ್ಕ. ಕಂಬಳದ ದಿನ ಯಾರದು, ನೀರು ಮೊದಲು ಯಾರಿಗೆ ಅನ್ನೋದರಲ್ಲಿ ಮಾತಿಗೆ ಮಾತು ಬೆಳೆದು ಬುದ್ಧಿವಂತನ ಹೆಣ ಬೀಳುತ್ತದೆ. ಆಮೇಲೆ ಅವರು ಬೀಡಿಗೆ ಹೋಗಿ, ತಾಯಿಗೆ ಕೊಟ್ಟ ಮಾತನ್ನು ನಡೆಸಿಕೊಡಿ ಅಂತ ಬಲ್ಲಾಳನನ್ನು ಕೇಳುತ್ತಾರೆ. ಒಂದೊಂದಾಗಿ ಕೇಳಿದ್ದಕ್ಕೆಲ್ಲ ಇಲ್ಲ ಅನ್ನೋದೇ ಉತ್ತರ. ಇಬ್ಬರೂ ಪಡುಮಲೆ ಬಿಟ್ಟು ಹೊರಡುತ್ತಾರೆ. ದಾರಿಯಲ್ಲಿ ಸುಂಕದ ಕಟ್ಟೆಯಲ್ಲಿ ಇನ್ನೊಂದು ಜಗಳ, ಇನ್ನೊಂದು ಹೆಣ.

ಪಂಜದಲ್ಲಿ ನಡೆಯೋದು ಇಡೀ ಪಾಡ್ದನದ ಅತ್ಯಂತ ಮೆತ್ತಗಿನ ಭಾಗ. ಇಬ್ಬರು ಅಪರಿಚಿತ ಗಂಡಸರು, ಸೊಂಟದಲ್ಲಿ ಸುರಿಯ, ಒಂದು ಮನೆಯಂಗಳಕ್ಕೆ ಬರುತ್ತಾರೆ. ಮನೆಯ ಯಜಮಾನ ಪಯ್ಯ ಬೈದ್ಯ ಕಳ್ಳು ಇಳಿಸಲು ಹೋಗಿದ್ದಾನೆ. ಹೆಂಡತಿ ಒಬ್ಬಳೇ, ಹೊರಗಿನವರನ್ನು ಕೂರಿಸುವ ಹಾಗಿಲ್ಲ. ನೀರು ಕೇಳುತ್ತಾರೆ. ಯಾರು, ಎಲ್ಲಿಯವರು ಅಂತ ಮಾತು ಸಾಗಿ, ಊರು ಪಡುಮಲೆ ಅಂತಾಗಿ, ತಾಯಿಯ ಹೆಸರು ಬರುತ್ತದೆ. ಆಕೆ ಕಿನ್ನಿದಾರು, ಅವರ ಅಕ್ಕ. ಅವರು ಹುಟ್ಟಿದಾಗಿನಿಂದ ಒಬ್ಬರನ್ನೊಬ್ಬರು ನೋಡಿರಲಿಲ್ಲ. ತಮ್ಮಂದಿರು ಅಂತ ಗೊತ್ತಾಗಿದ್ದು ಮುಖ ನೋಡಿ ಅಲ್ಲ, ಅಮ್ಮನ ಹೆಸರಿನಿಂದ.

ಮುಂದಿನದು ಎಲ್ಲರಿಗೂ ಗೊತ್ತು. ಪಂಜದ ಕೇಮರ ಬಲ್ಲಾಳ, ಆತನ ಮಂತ್ರಿ ಚಂದುಗಿಡಿ ಸೇರಿ ಮಾಡಿದ ಮೋಸ, ಸೆರೆ, ಕೆಮ್ಮಲೆಯ ಬೆರ್ಮೆರನ್ನು ನೆನೆದು ಸೆರೆ ಒಡೆದು ಎಣ್ಮೂರಿಗೆ ದಾಟಿದ್ದು. ಅಲ್ಲಿ ದೇವ ಬಲ್ಲಾಳನ ಆಶ್ರಯ ಸಿಗುತ್ತದೆ. ಒಂದು ಕಾಡುಹಂದಿಯ ಬೇಟೆ ನೆಪವಾಗಿ ಪಂಜಕ್ಕೂ ಎಣ್ಮೂರಿಗೂ ಯುದ್ಧ ಹತ್ತುತ್ತದೆ. ಕೋಟಿಗೆ ಬಾಣ ತಾಗುತ್ತದೆ. ಅದು ಪಡುಮಲೆಯ ಬಲ್ಲಾಳ ಬಿಟ್ಟ ಬಾಣ ಅನ್ನೋದು ಪ್ರಚಲಿತ ಪಾಠ, ಅಂದರೆ ಇವರ ಅಮ್ಮ ಯಾರ ಕಾಲು ಉಳಿಸಿದಳೋ ಅವನೇ. ಅಣ್ಣ ಸತ್ತ ಮೇಲೆ ಚೆನ್ನಯ ಕಲ್ಲಿಗೆ ತಲೆ ಚಚ್ಚಿಕೊಂಡು ಜೀವ ಬಿಡುತ್ತಾನೆ. ಎಣ್ಮೂರಿನ ಆದಿ ಗರಡಿ ಅಲ್ಲಿಂದ ಶುರು. 66 ಗರಡಿ, 33 ತಾವು ಅನ್ನೋದು ಹಾಡಿನ ಲೆಕ್ಕ. ಈಗಿರುವ ಗರಡಿಗಳು ಅದಕ್ಕಿಂತ ಎಷ್ಟೋ ಹೆಚ್ಚು.

ಇಷ್ಟೂ ನಮಗೆ ಎಲ್ಲಿಂದ ಗೊತ್ತು? ಕಲ್ಲಿನಿಂದಲ್ಲ, ತಾಮ್ರದಿಂದಲ್ಲ. ಮದ್ದು ಮಾಡುವ ಹೆಂಗಸಿಗೆ, ಕಳ್ಳು ಇಳಿಸುವವನ ಅಳಿಯಂದಿರಿಗೆ ಯಾರೂ ಶಾಸನ ಕೆತ್ತಿಸುವುದಿಲ್ಲ. ಶಾಸನದಲ್ಲಿ ಇರೋದು ದಾನ ಕೊಟ್ಟವರ, ದಾನ ಪಡೆದವರ ಹೆಸರು. ನಮಗೆ ಇದು ಬಂದಿರೋದು ನಾಟಿ ಗದ್ದೆಯಲ್ಲಿ ಹಾಡುವ ಹೆಂಗಸರಿಂದ, ನೇಮದಲ್ಲಿ ಪಾಡ್ದನ ಹೇಳುವವರಿಂದ. ಅದು ಅಚ್ಚಿಗೆ ಬಂದದ್ದು ತುಂಬಾ ತಡವಾಗಿ. 1886ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಎ. ಮ್ಯಾನರ್ ಅವರ ತುಳು ಪಾಡ್ದನಗಳ ಸಂಗ್ರಹ ಹೊರಬಂತು. ಮದ್ರಾಸ್ ಪ್ರಾಂತ್ಯದಲ್ಲಿ ಜಡ್ಜ್ ಆಗಿದ್ದ ಎ. ಸಿ. ಬರ್ನೆಲ್ ಕೂಡಿಸಿಟ್ಟ ಪಾಡ್ದನಗಳು ಆತ ಸತ್ತ ಮೇಲೆ, 1894ರಿಂದ, ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಇಂಗ್ಲಿಷಿಗೆ ಬಂದವು. ಭೂತಾರಾಧನೆಗೆ ಅಲ್ಲಿ ಕೊಟ್ಟ ಹೆಸರು ದೆವ್ವದ ಪೂಜೆ. ಹೆಸರು ಕೇಳಿದರೆ ಸಿಟ್ಟು ಬರುತ್ತದೆ, ಆದರೂ ಆ ಪುಟಗಳಿಲ್ಲದೆ ಇವತ್ತು ಹಳೆಯ ಪಾಠ ಹುಡುಕುವುದು ಕಷ್ಟ. 1920ರ ದಶಕದಲ್ಲಿ ಪಂಜೆ ಮಂಗೇಶರಾಯರು ಇದನ್ನು ಕನ್ನಡದ ಮಕ್ಕಳಿಗೆ ತಲುಪಿಸಿದರು. ಆಮೇಲೆ ವಾಮನ ನಂದಾವರ, ಬನ್ನಂಜೆ ಬಾಬು ಅಮೀನ್, ಮೋಹನ್ ಕೋಟ್ಯಾನ್ ಅಂಥವರು ಹಾಡುಗಳನ್ನೂ ಗರಡಿಗಳನ್ನೂ ಹುಡುಕಿಕೊಂಡು ಊರೂರು ಅಲೆದರು.

ಈ ಯಾವ ಹಳೆಯ ಪಾಠದಲ್ಲೂ ಇಸವಿ ಇಲ್ಲ. ಆದರೆ ಇಂಟರ್ನೆಟ್ಟಿನಲ್ಲಿ ಕೋಟಿ-ಚೆನ್ನಯರ ಕಾಲ 1556ರಿಂದ 1591 ಅಂತ ನೋಡುತ್ತೀರಿ. ನಾನು ಓದಿದ್ದು ಇಂಜಿನಿಯರಿಂಗ್, ಲ್ಯಾಬಿನಲ್ಲಿ ನಮಗೆ ಮೊದಲು ಕಲಿಸಿದ್ದೇ ಇದು: ಸೆಂಟಿಮೀಟರ್ ಪಟ್ಟಿಯಲ್ಲಿ ಅಳೆದು ಮೈಕ್ರಾನ್ ಲೆಕ್ಕ ಬರೆಯಬಾರದು. ಬಲ್ಲಾಳರ ಆಳ್ವಿಕೆ, ಬೀಡುಗಳ ನಡುವಿನ ಹೊಡೆದಾಟ, ಸುಂಕದ ಕಟ್ಟೆ ಇವನ್ನೆಲ್ಲ ನೋಡಿ ಸುಮಾರು 16ನೇ ಶತಮಾನ ಅಂತ ಊಹಿಸುವುದು ಒಪ್ಪಬಹುದಾದ ಮಾತು. ಹುಟ್ಟಿದ ವರ್ಷ, ಸತ್ತ ವರ್ಷ ಎರಡನ್ನೂ ಅಂಕಿಯಲ್ಲಿ ಬರೆದ ಕೂಡಲೇ ಅದು ಊಹೆ ಅನ್ನೋದು ಮರೆತುಹೋಗುತ್ತದೆ. ನಂಬುವವರಿಗೆ ಆ ಅಂಕಿ ಬೇಕಾಗಿಲ್ಲ. ನಂಬದವರು ಅದೇ ಅಂಕಿ ಹಿಡಿದು ಎಲ್ಲವೂ ಕಟ್ಟುಕಥೆ ಅಂತಾರೆ.

ಹಾಗಾದರೆ ಅವರು ಇದ್ದರಾ? ಈ ಥರದ ಪ್ರಶ್ನೆಯನ್ನು ಜಗತ್ತಿನಲ್ಲಿ ಅತಿ ಹೆಚ್ಚು ಸಲ ಕೇಳಿರೋದು ಯೇಸುವಿನ ಬಗ್ಗೆ. ಅಲ್ಲಿ ಉತ್ತರ ಹುಡುಕುವ ದಾರಿಗಳೂ ಬೆಳೆದಿವೆ, ಅದರಲ್ಲಿ ನಮಗೆ ಉಪಯೋಗ ಆಗುವಂಥದ್ದು ಉಂಟು. ಯೇಸು ಸತ್ತದ್ದು ಸುಮಾರು ಕ್ರಿ.ಶ. 30ರಲ್ಲಿ. ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಪೌಲನ ಪತ್ರಗಳು ಬಂದವು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಆತ ಜೆರುಸಲೇಮಿಗೆ ಹೋಗಿ ಯೇಸುವಿನ ತಮ್ಮ ಯಾಕೋಬನನ್ನು ಕಂಡದ್ದಾಗಿ ಹೇಳುತ್ತಾನೆ. ಮೊದಲನೇ ಶತಮಾನದ ಕೊನೆಗೆ ಯೆಹೂದಿ ಇತಿಹಾಸಕಾರ ಜೋಸೆಫಸ್, ಅದೇ ಯಾಕೋಬನನ್ನು ಕೊಂದ ಸಂಗತಿ ಬರೆಯುವಾಗ ಆತ ಯಾರ ತಮ್ಮ ಅನ್ನೋದನ್ನೂ ಸೇರಿಸುತ್ತಾನೆ. ಇಲ್ಲದ ಮನುಷ್ಯನಿಗೆ ತಮ್ಮ ಇರುವುದಿಲ್ಲ. ಯೇಸು ಇದ್ದ ಅಂತ ಬಹುತೇಕ ಇತಿಹಾಸಕಾರರು ಒಪ್ಪುವುದಕ್ಕೆ ಇರುವ ಗಟ್ಟಿ ಕಾರಣಗಳಲ್ಲಿ ಈ ತಮ್ಮನೂ ಒಂದು. ಪವಾಡಗಳನ್ನು ಒಪ್ಪುವುದು ಬಿಡುವುದು ಬೇರೆ ವಿಷಯ.

ನಮಗೆ ಇಪ್ಪತ್ತು ವರ್ಷದ ಅಂತರದ ಪತ್ರ ಇಲ್ಲ, ಮುನ್ನೂರು ವರ್ಷ ಬಾಯಿಂದ ಬಾಯಿಗೆ ಬಂದ ಹಾಡು ಇದೆ. ಎರಡೂ ಸಮ ಅಂತ ನಾನು ಹೇಳುವುದಿಲ್ಲ. ಆದರೆ ಇನ್ನೊಂದು ಪರೀಕ್ಷೆ ಇದೆ, ಮುಜುಗರದ ಪರೀಕ್ಷೆ ಅನ್ನಬಹುದು. ಹೊಗಳಲು ಕಟ್ಟಿದ ಕಥೆಯಲ್ಲಿ ಹೊಗಳಿಕೆಗೆ ಅಡ್ಡ ಬರುವ ವಿವರ ಯಾಕೆ ಉಳಿದಿರುತ್ತದೆ? ಯೇಸುವಿಗೆ ಬುದ್ಧಿ ಕೆಟ್ಟಿದೆ ಅಂದುಕೊಂಡು ಮನೆಯವರೇ ಹಿಡಿದು ತರಲು ಹೋದ ಸಂಗತಿ ಮಾರ್ಕನ ಸುವಾರ್ತೆಯಲ್ಲಿದೆ. ಅಂಥದ್ದನ್ನು ಭಕ್ತರು ಹೊಸದಾಗಿ ಹೊಸೆಯುವುದಿಲ್ಲ. ನಮ್ಮ ಪಾಡ್ದನದಲ್ಲೂ ಇಂಥದ್ದು ತುಂಬಾ ಇದೆ. ನೀರಿನ ಜಗಳದಲ್ಲಿ ಕೊಲೆ, ಪಡುಮಲೆಯಲ್ಲಿ ಬರಿಗೈ, ಮಡಲು ಬಿದ್ದು ಸತ್ತ ಅಮ್ಮ, ಗೆಲ್ಲುವ ಬದಲು ತಲೆ ಚಚ್ಚಿಕೊಂಡು ಸತ್ತ ತಮ್ಮ, ಮೂರು ಬೀಡುಗಳ ಹೊರತು ಬೇರೆ ರಾಜ್ಯವೇ ಇಲ್ಲದ ಯುದ್ಧ. ವಿಜಯನಗರದ ಚಕ್ರವರ್ತಿಯ ಹೆಸರು ಸೇರಿಸಿ ಕಥೆಯನ್ನು ದೊಡ್ಡದು ಮಾಡುವುದು ಸುಲಭ ಇತ್ತು. ಹಾಡುವವರು ಹಾಗೆ ಮಾಡದೆ ಪಡುಮಲೆ, ಪಂಜ, ಎಣ್ಮೂರು ಇಷ್ಟಕ್ಕೇ ನಿಲ್ಲಿಸಿದರು. ಈ ಸಣ್ಣತನವೇ ನನ್ನನ್ನು ಒಪ್ಪಿಸುತ್ತದೆ. ಇಬ್ಬರು ಹುಡುಗರು ಇದ್ದರು, ಗದ್ದೆಯ ವಿಷಯಕ್ಕೆ ದೊಡ್ಡವರನ್ನು ಎದುರು ಹಾಕಿಕೊಂಡರು, ಎಣ್ಮೂರಿನಲ್ಲಿ ಸತ್ತರು. ಇಷ್ಟನ್ನು ನಾನು ಇತಿಹಾಸ ಅಂತಲೇ ತಗೊಳ್ತೇನೆ. ಹಕ್ಕಿಯ ಮೊಟ್ಟೆಯನ್ನು ಅಲ್ಲ.

ಮೊಟ್ಟೆ ಬಿಟ್ಟರೂ ಬ್ರಾಹ್ಮಣ ಮನೆ ಉಳಿಯುತ್ತದೆ. ಅದು ಯಾಕೆ ಕಥೆಗೆ ಬಂತು? ಇಲ್ಲಿ ಮತ್ತೆ ಯೇಸುವಿನ ಕುಟುಂಬದ ಕಡೆ ನೋಡಬೇಕು. ಮಾರ್ಕನ ಸುವಾರ್ತೆ ನಾಲ್ಕರಲ್ಲಿ ಹಳೆಯದು, ಸುಮಾರು 70ನೇ ಇಸವಿಯದ್ದು. ಅದರಲ್ಲಿ ಯೇಸು ಮರಿಯಳ ಮಗ, ಯಾಕೋಬ, ಯೋಸೆ, ಯೂದ, ಸೀಮೋನರ ಅಣ್ಣ, ಹೆಸರಿಲ್ಲದ ತಂಗಿಯರೂ ಇದ್ದಾರೆ. ಯೋಸೇಫನ ಹೆಸರೇ ಇಲ್ಲ. ಆಮೇಲೆ ಬಂದ ಮತ್ತಾಯ, ಲೂಕ ಇಬ್ಬರೂ ದಾವೀದ ರಾಜನವರೆಗೆ ವಂಶಾವಳಿ ಕೊಡುತ್ತಾರೆ, ಅದೂ ಯೋಸೇಫನ ಕಡೆಯಿಂದ. ತಮಾಷೆ ಅಂದ್ರೆ, ಯೇಸುವಿಗೆ ಜನ್ಮ ಕೊಟ್ಟ ಅಪ್ಪ ಯೋಸೇಫ ಅಲ್ಲ ಅಂತ ಅವರೇ ಹೇಳುತ್ತಾರೆ. ಸಾಲದ್ದಕ್ಕೆ ಎರಡು ಪಟ್ಟಿಗಳೂ ಹೊಂದುವುದಿಲ್ಲ. ಯೋಸೇಫನ ಅಪ್ಪ ಒಬ್ಬನಲ್ಲಿ ಯಾಕೋಬ, ಇನ್ನೊಬ್ಬನಲ್ಲಿ ಹೇಲಿ. ಇನ್ನೂ ಮುಂದೆ ಹೋದರೆ ತಮ್ಮಂದಿರೇ ತೊಡಕಾದರು. ಮರಿಯಳು ಕೊನೆವರೆಗೂ ಕನ್ಯೆ ಅಂತಾದ ಮೇಲೆ ಅವರು ಯೋಸೇಫನ ಮೊದಲ ಹೆಂಡತಿಯ ಮಕ್ಕಳಾದರು. ನಾಲ್ಕನೇ ಶತಮಾನದ ಪಂಡಿತ ಜೆರೋಮನ ಕೈಯಲ್ಲಿ ಅವರು ತಮ್ಮಂದಿರೇ ಅಲ್ಲ, ಹತ್ತಿರದ ಸೋದರ ಸಂಬಂಧಿಗಳು. ಮಗ ಎತ್ತರಕ್ಕೆ ಹೋದ ಹಾಗೆಲ್ಲ ಮನೆಯವರನ್ನು ಮತ್ತೆ ಮತ್ತೆ ಬರೆಯಬೇಕಾಯಿತು.

ಯೆಹೂದಿಗಳಲ್ಲಿ ವಂಶ ಎಣಿಸೋದು ಅಪ್ಪನ ಕಡೆಯಿಂದ. ಅದಕ್ಕೇ ಅಲ್ಲಿ ಪವಾಡ ಬಿದ್ದದ್ದು ಅಪ್ಪನ ಜಾಗಕ್ಕೆ. ತುಳುನಾಡಿನಲ್ಲಿ ಬಿಲ್ಲವರದ್ದು ಅಳಿಯಸಂತಾನ. ಬಳಿ, ತುಳುವಿನಲ್ಲಿ ಬರಿ, ಬರುವುದು ಅಮ್ಮನಿಂದ. ಆಸ್ತಿ ಹೋಗುತ್ತಿದ್ದದ್ದು ಅಮ್ಮನ ದಾರಿಯಲ್ಲಿ. ಮಕ್ಕಳ ಹೊಣೆ ಸೋದರಮಾವನದ್ದಾಗಿತ್ತು. ಮದ್ರಾಸ್ ಸರ್ಕಾರ 1949ರಲ್ಲಿ ಇದಕ್ಕೊಂದು ಕಾಯ್ದೆಯನ್ನೇ ಮಾಡಿತ್ತು. ಕಾಂತಣ್ಣ ಬೈದ್ಯ ಯಾಕೆ ಕಥೆಯಿಂದ ಸರಿದುಹೋದ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ. ಆತನನ್ನು ಯಾರೂ ಅಳಿಸಲಿಲ್ಲ, ಲೆಕ್ಕಕ್ಕೆ ಬೇಕಾಗಿರಲಿಲ್ಲ ಅಷ್ಟೆ. ಹಾಗಾಗಿ ಕೋಟಿ-ಚೆನ್ನಯರ ಮೂಲವನ್ನು ಯಾರಾದರೂ ಬದಲಿಸಬೇಕು ಅಂದುಕೊಂಡರೆ ಅಪ್ಪನನ್ನು ಮುಟ್ಟಿ ಪ್ರಯೋಜನ ಇಲ್ಲ, ಅಮ್ಮನನ್ನೇ ಬದಲಿಸಬೇಕು. ನಮ್ಮಲ್ಲಿ ಪವಾಡ ಒಂದು ತಲೆಮಾರು ಹಿಂದಕ್ಕೆ ಜಾರಿ ದೇಯಿಯ ಹುಟ್ಟಿನ ಮೇಲೆ ಬಿದ್ದದ್ದು ಇದೇ ಕಾರಣಕ್ಕೆ ಅಂತ ನನಗನಿಸುತ್ತದೆ.

ಈ ಥರ ಅಮ್ಮ-ಅಪ್ಪನನ್ನು ಬದಲಿಸುವುದು ದೇಶದ ತುಂಬ ನಡೆದಿದೆ. ನೇಕಾರ ಕಬೀರನಿಗೆ ಬ್ರಾಹ್ಮಣ ವಿಧವೆಯೊಬ್ಬಳು ತಾಯಿಯಾದಳು. ಚಮ್ಮಾರ ರವಿದಾಸರಿಗೆ ಹಿಂದಿನ ಜನ್ಮದಲ್ಲಿ ಬ್ರಾಹ್ಮಣ್ಯ ಸಿಕ್ಕಿತು, ಚರ್ಮದೊಳಗೆ ಚಿನ್ನದ ಜನಿವಾರ ಬಂತು. ತಿರುವಳ್ಳುವರ್‌ಗೆ ಭಗವನ್ ಅನ್ನೋ ಬ್ರಾಹ್ಮಣ ಅಪ್ಪ ಸಿಕ್ಕಿದ. ಕೆಳಗಿನ ಜಾತಿಯ ಒಬ್ಬ ಮನುಷ್ಯ ಎಲ್ಲರೂ ಕೈಮುಗಿಯುವಷ್ಟು ದೊಡ್ಡವನಾದರೆ, ಎಲ್ಲಿಂದಲೋ ಒಂದು ಬ್ರಾಹ್ಮಣ ಮನೆ ಬಂದು ಸೇರಿಕೊಳ್ಳುತ್ತದೆ. ದೇಯಿಯ ವಿಷಯದಲ್ಲಿ ಇದರಿಂದ ಆಗುವ ನಷ್ಟ ಇನ್ನೂ ನೇರವಾದದ್ದು, ಯಾಕಂದ್ರೆ ಇಲ್ಲಿ ವಿದ್ಯೆಯ ಪ್ರಶ್ನೆ ಇದೆ. ಬೈದ್ಯ ಅನ್ನೋ ಹೆಸರೇ ವೈದ್ಯದ್ದು. ಕಳ್ಳು ಇಳಿಸುವುದರ ಜೊತೆ ಗಾಯ, ಮುರಿತ, ವಿಷಕ್ಕೆ ನಾಟಿ ಮದ್ದು ಕೊಡುವುದೂ ಬಿಲ್ಲವರ ಮನೆಗಳ ಕಸುಬು. ಹತ್ತು ವೈದ್ಯರು ಸೋತ ಕಡೆ ದೇಯಿ ಗೆದ್ದದ್ದು ಸಾಯನನ ಮನೆಯಲ್ಲಿ ಕಲಿತ ಮದ್ದಿನಿಂದ. ಆಕೆ ಹುಟ್ಟಿನಿಂದ ಬ್ರಾಹ್ಮಣಳು ಅಂದ ತಕ್ಷಣ, ಅಯ್ಯೋ ಅದಕ್ಕೇ ಅಷ್ಟು ಬುದ್ಧಿ ಅನ್ನುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಗ ಸಾಯನ ಬರೀ ದಾರಿಯಲ್ಲಿ ಸಿಕ್ಕ ಒಳ್ಳೆಯವನಾಗಿ ಉಳಿಯುತ್ತಾನೆ, ಗುರು ಆಗುವುದಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಬಿಲ್ಲವ ಯುವಕ ಯುವತಿಯರೇ ಈ ಮೂಲವನ್ನು ಪ್ರಶ್ನೆ ಮಾಡುತ್ತಿದ್ದಾರೆ. ದೇಯಿ ಬಿಲ್ಲವರ ಮನೆಯಲ್ಲೇ ಹುಟ್ಟಿದವಳು, ಮೊಟ್ಟೆ ಮತ್ತು ಬ್ರಾಹ್ಮಣ ಮನೆ ಎರಡೂ ಆಮೇಲೆ ಹೊಲಿದದ್ದು ಅಂತ ಅವರ ವಾದ. ಆ ಸಿಟ್ಟು ಸರಿ. ಆದರೂ ನಾನು ಪೂರ್ತಿ ಅವರ ಜೊತೆ ಹೋಗಲಾರೆ. ಸುವರ್ಣ ಕೇದಗೆಯ ಭಾಗವನ್ನು ಇನ್ನೊಂದು ಸಲ ಓದಿ. ಅದರಲ್ಲಿ ಬ್ರಾಹ್ಮಣ ಮನೆಗೆ ಏನು ಗೌರವ ಸಿಗುತ್ತದೆ? ಮಗಳ ಕಣ್ಣಿಗೆ ಬಟ್ಟೆ ಕಟ್ಟಿ ಕಾಡಿಗೆ ಬಿಟ್ಟವರು ಅವರು. ಕಟ್ಟು ಬಿಚ್ಚಿದವನು ಕಳ್ಳಿನವನು. ಗದ್ದೆಯಲ್ಲಿ ಬಗ್ಗಿ ನೇಜಿ ನೆಡುತ್ತಾ ಇದನ್ನು ಹಾಡಿದ ಹೆಂಗಸರು ತಮ್ಮ ನಾಯಕಿಗೆ ಮೇಲ್ಜಾತಿಯ ಸರ್ಟಿಫಿಕೇಟ್ ಕೊಡಿಸುತ್ತಿದ್ದರು ಅಂತ ನನಗೆ ಅನಿಸುವುದಿಲ್ಲ. ಅವರು ಒಂದು ಮನೆಯ ಮೇಲೆ ಆರೋಪ ಹೊರಿಸುತ್ತಿದ್ದರು. ಮೇಲಿನವರು ಆ ಆರೋಪವನ್ನು ವಂಶಾವಳಿಯಾಗಿ ಓದಿಕೊಂಡರು, ಆಮೇಲೆ ನಾವೂ ಹಾಗೇ ಓದಿದೆವು. ಈಗ ಆ ಭಾಗವನ್ನು ಕಿತ್ತು ಹಾಕಿದರೆ ಆರೋಪವೂ ಜೊತೆಗೇ ಹೋಗುತ್ತದೆ.

ಅದೂ ಅಲ್ಲದೆ, ಕಿತ್ತು ಹಾಕುವ ಅಗತ್ಯವೇ ಇಲ್ಲ. ಅಳಿಯಸಂತಾನದ ಕಟ್ಟಿನೊಳಗೇ ಇದಕ್ಕೆ ಉತ್ತರ ಉಂಟು. ಸಂತತಿ ನಿಂತುಹೋಗುವ ಕುಟುಂಬ ಹೆಣ್ಣುಮಗಳನ್ನು ದತ್ತು ತೆಗೆದುಕೊಳ್ಳುವುದು ಆ ಪದ್ಧತಿಯಲ್ಲಿ ಹೊಸದೇನಲ್ಲ. ಹಾಗೆ ಬಂದವಳಿಂದ ಆ ಮನೆಯ ಬಳಿ ಮುಂದುವರಿಯುತ್ತದೆ, ಆಕೆಯ ಮಕ್ಕಳು ಅದೇ ಮನೆಯವರು. ಸಾಯನ ಮಕ್ಕಳಿಗೆ ಸೋದರಮಾವ ಅಂತ ಪಾಡ್ದನ ಹೇಳುವಾಗ ಅದು ಪ್ರೀತಿಯ ಮಾತು ಮಾತ್ರ ಅಲ್ಲ, ಕಾನೂನಿನ ಮಾತು. ದೇಯಿ ಆತನ ತಂಗಿ ಅಂತ ಆ ಒಂದು ಶಬ್ದದಲ್ಲಿ ತೀರ್ಮಾನವಾಗಿದೆ. ಯಾರು ಹೆತ್ತರು ಅನ್ನೋದು ಆ ತೀರ್ಮಾನವನ್ನು ಬದಲಿಸುವುದಿಲ್ಲ. ಕಿನ್ನಿದಾರು ತಮ್ಮಂದಿರನ್ನು ಗುರುತಿಸಿದಾಗಲೂ ಕೇದಗೆಯ ಹೆಸರು ಬರಲಿಲ್ಲ, ದೇಯಿಯ ಹೆಸರೇ ಸಾಕಾಯಿತು.

ಈಗ ಪಡುಮಲೆಯ ಸುತ್ತ ಇದೆಲ್ಲ ಮಣ್ಣಿಗೆ ಇಳಿದಿದೆ. ಜನ್ಮಸ್ಥಾನದ ಅಭಿವೃದ್ಧಿ ಒಂದು ಕಡೆ ನಡೆಯುತ್ತಿದೆ. ಬಡಗನ್ನೂರಿನ ಗೆಜ್ಜೆಗಿರಿ ನಂದನ ಬಿತ್ತಿಲಿನಲ್ಲಿ ಮೂಲಸ್ಥಾನದ ಕ್ಷೇತ್ರ ಎದ್ದು 2020ರಲ್ಲಿ ಬ್ರಹ್ಮಕಲಶೋತ್ಸವ ಆಯಿತು. ಅರಣ್ಯ ಇಲಾಖೆಯ ಔಷಧಿ ವನಕ್ಕೆ ದೇಯಿ ಬೈದ್ಯೆತಿಯ ಹೆಸರಿದೆ, ಅಲ್ಲಿ ಆಕೆಯ ಮೂರ್ತಿಯೂ ಇದೆ. ಚುನಾವಣೆ ಹತ್ತಿರ ಬಂದರೆ ಎಲ್ಲ ಪಕ್ಷದವರೂ ಇಲ್ಲಿ ಶಾಲು ಹಾಕಿಸಿಕೊಳ್ಳಲು ಬರುತ್ತಾರೆ. ಬಿಲ್ಲವರ ಓಟು ಜಿಲ್ಲೆಯಲ್ಲಿ ಎಷ್ಟು ತೂಕದ್ದು ಅಂತ ಇದನ್ನು ಓದುವ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಜನ್ಮಸ್ಥಾನ ಯಾವ ಸರ್ವೇ ನಂಬರು, ಮೂಲಸ್ಥಾನ ಯಾವುದು ಅನ್ನೋ ವಾದದಲ್ಲಿ ನನಗೆ ದೊಡ್ಡ ಆಸಕ್ತಿ ಇಲ್ಲ. ಬೆತ್ಲೆಹೇಮೋ ನಜರೇತೋ ಅಂತ ಎರಡು ಸಾವಿರ ವರ್ಷದಿಂದ ಅಲ್ಲೂ ನಡೆಯುತ್ತಿದೆ.

ನನಗೆ ಆಸಕ್ತಿ ಇರೋದು ಫಲಕಗಳಲ್ಲಿ. ಕಲ್ಲಿನಲ್ಲಿ ಕೆತ್ತಿದ್ದನ್ನು ಮುಂದಿನ ತಲೆಮಾರು ಶಾಸನ ಅಂತಲೇ ಓದುತ್ತದೆ, ನಮಗೆ ಇಲ್ಲದ ಶಾಸನವನ್ನು ಈಗ ನಾವೇ ಬರೆಯುತ್ತಿದ್ದೇವೆ. ಹಾಗಾಗಿ ಪಡುಮಲೆ, ಪಂಜ, ಎಣ್ಮೂರು ಎಲ್ಲೇ ಹೊಸ ಫಲಕ ಹಾಕುವವರಿಗೆ ಎರಡು ಮಾತು. ಇಸವಿ ಹಾಕಬೇಡಿ. ದೇಯಿ ಬೈದ್ಯೆತಿ ಅನ್ನೋ ಹೆಸರಿನ ಕೆಳಗೆ ಏನಾದರೂ ಬರೆಯಲೇಬೇಕು ಅಂತಿದ್ದರೆ ಸಾಯನ ಬೈದ್ಯರ ತಂಗ, ಊರಿನ ವೈದ್ಯೆ ಅಂತ ಬರೆಯಿರಿ. ಜಾಗ ಉಳಿದರೆ ಕಿನ್ನಿದಾರುವಿನ ಹೆಸರನ್ನೂ ಸೇರಿಸಿ.